ಮಾಳಿಗೆ ಬಿಚ್ಚಿದ ನಾಲ್ವರು



ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪಾರ್ಶ್ವವಾಯು ರೋಗಿಯ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ಕಫೆರ್ನವುಮಿನ ಒಂದು ಮನೆಯಲ್ಲಿ ಯೇಸುಸ್ವಾಮಿ ಬೋಧಿಸುತ್ತಿದ್ದಾರೆ. ಬಾಗಿಲಲ್ಲಿ ಕಾಲಿಡಲೂ ಸ್ಥಳವಿಲ್ಲ. ನಾಲ್ಕು ಜನ ಒಬ್ಬ ರೋಗಿಯನ್ನು ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿ ಸಿಗದೆ ಮಾಳಿಗೆ ಹತ್ತುತ್ತಾರೆ, ಅದನ್ನು ಬಿಚ್ಚುತ್ತಾರೆ, ಹಾಸಿಗೆ ಸಮೇತ ಅವನನ್ನು ಸ್ವಾಮಿಯ ಮುಂದೆ ಇಳಿಸುತ್ತಾರೆ.

ಪಟ್ಟಣದ ಕಾಂಕ್ರೀಟ್ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮಾಳಿಗೆಯನ್ನು ಬಿಚ್ಚುವುದು ಹೇಗೆ ಎಂದು ಅವರು ಕೇಳುತ್ತಾರೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ಹಿರಿಯರಿಗೆ ಅದನ್ನು ವಿವರಿಸಬೇಕಾಗಿಲ್ಲ. ಜಂತೆಯ ಮೇಲೆ ಮಣ್ಣು ಹಾಕಿದ ಮಾಳಿಗೆ, ನಡುವೆ ಬೆಳಕಿಂಡಿ, ಗೋಡೆಗೆ ಆನಿಸಿದ ನಿಚ್ಚಣಿಕೆ, ಮಳೆಗಾಲದ ಮುಂಚೆ ಮೇಲೆ ಹೊಸ ಮಣ್ಣು, ಇವೆಲ್ಲ ಅವರು ಕಂಡು ಬಾಳಿದ ಮನೆಗಳೇ. ಮಾಳಿಗೆ ಬಿಚ್ಚಿದರೆ ಮನೆಯೊಳಗೆ ಎಷ್ಟು ಮಣ್ಣು ಬೀಳುತ್ತದೆ, ಯಜಮಾನ ಎಷ್ಟು ಕೂಗಾಡುತ್ತಾನೆ ಎಂಬುದೂ ಅವರಿಗೆ ಗೊತ್ತು. ಆ ನಾಲ್ವರು ಅದಕ್ಕೆಲ್ಲ ಅಂಜಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಆ ನಾಲ್ವರ ವಿಷಯ.

ಈಗ ನಮ್ಮ ಕಡೆಯ ಒಂದು ಮನೆಗೆ ಬನ್ನಿ. ಊರಿನ ಹೆಸರು ಬೇಡ. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ, ಇಂಥ ಮನೆಗಳ ಸಂಕಟ ತಿಳಿಯಲೆಂದು ಕಟ್ಟಿ ಹೇಳುವ ದೃಷ್ಟಾಂತ. ಹುಡುಗನಿಗೆ ಇಪ್ಪತ್ತೆರಡು ವರ್ಷ. ಅಪ್ಪನಿಗೆ ನಾಲ್ಕು ಎಕರೆ ಎರೆಹೊಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಮಗ ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದಾನೆ. ನಸುಕಿನಲ್ಲಿ ಓಟ, ಸಂಜೆ ಹುಬ್ಬಳ್ಳಿಯಲ್ಲಿ ಜಿಮ್. ಮೊದಲ ಸಲ 1600 ಮೀಟರ್ ಓಟದಲ್ಲಿ ಕೆಲವೇ ಸೆಕೆಂಡುಗಳಿಂದ ತಪ್ಪಿದ. ಊರವರು ಕೇಳಿ ಕೇಳಿ ಚುಚ್ಚಿದರು. ಆಗ ಗೆಳೆಯನೊಬ್ಬ ಸಣ್ಣ ಗಾಜಿನ ಬಾಟಲಿ ತೋರಿಸಿ, "ಇದೊಂದು ಸಲ ತಗೊಂಡು ನೋಡಲೇ, ದಮ್ಮು ಹೆಂಗ ಬರತೈತಿ" ಎಂದ.

ದಮ್ಮು ಬಂತು. ಓಡಿದರೂ ಆಯಾಸವಿಲ್ಲ, ಹಸಿವೆಯಿಲ್ಲ, ಅಂಜಿಕೆಯಿಲ್ಲ. ಕೆಲವು ವಾರಗಳಲ್ಲಿ ಅದಿಲ್ಲದೆ ಹಾಸಿಗೆಯಿಂದ ಏಳಲಾಗದ ಸ್ಥಿತಿ ಬಂತು. ಹೆಸರು ಮಾರಿದ ಹಣದಲ್ಲಿ ಕಡಿಮೆ ಬಿತ್ತು. ಅವ್ವನ ಬೋರಮಾಳ ಕಾಣೆಯಾಯಿತು. ಕೊನೆಗೆ ಅವ್ವ ಗುರುಮನೆಗೆ ಬಂದು ಕುಳಿತಳು.

"ಫಾದರ್, ನನ್ನ ಮಗಗ ಏನೋ ಗಾಳಿ ಬಡದೈತ್ರಿ. ಮೂರು ರಾತ್ರಿ ಆತು, ನಿದ್ದಿ ಇಲ್ಲ. ಮಾಳಿಗಿ ಮ್ಯಾಲೆ ಯಾರೋ ಅಡ್ಡಾಡಾಕತ್ತಾರ, ನನ್ನ ಹೊಡ್ಯಾಕ ಬಂದಾರ ಅಂತಾನ. ಒಂದೀಟು ಪ್ರಾರ್ಥನಾ ಮಾಡ್ರಿ. ಅವರಪ್ಪ ಯಾರಿಗೂ ಹೇಳಬ್ಯಾಡ ಅಂದಾನ. ಹೊರಗ ಗೊತ್ತಾದ್ರ ತಂಗೀ ಮದುವಿ ಆಗೂದಿಲ್ಲ ಅಂತಾನ್ರಿ."

ಬಣವೆಯ ಸಂದಿಯಲ್ಲಿ ಸಿಕ್ಕ ಖಾಲಿ ಬಾಟಲಿಗಳನ್ನೂ ಸೂಜಿಗಳನ್ನೂ ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಹುಡುಗನಿಗೆ ಮಾಳಿಗೆಯ ಮೇಲೆ ಜನ ಓಡಾಡಿದಂತೆ ಕೇಳುತ್ತಿತ್ತು. ನಿಜವಾದ ದುಃಖವೆಂದರೆ ಅಲ್ಲಿ ಯಾರೂ ಇರಲಿಲ್ಲ. ಅವನಿಗಾಗಿ ಮಾಳಿಗೆ ಹತ್ತುವವರು ಇನ್ನೂ ಬಂದಿರಲಿಲ್ಲ.

ಆ ಬಾಟಲಿಯಲ್ಲಿ ಏನಿತ್ತು?

ಆ ಔಷಧದ ಹೆಸರು ಮೆಫೆಂಟರ್ಮಿನ್. ಅದು ಕಳ್ಳಬಟ್ಟಿಯಲ್ಲ, ಗಾಂಜಾ ಅಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಸುವ ಮದ್ದು. ಶಸ್ತ್ರಚಿಕಿತ್ಸೆಗೆಂದು ಬೆನ್ನುಹುರಿಗೆ ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ ಅದನ್ನು ಏರಿಸಲು ಅರಿವಳಿಕೆ ವೈದ್ಯರು ಇದನ್ನು ಬಳಸುತ್ತಾರೆ. ಹೆರಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟೋ ತಾಯಂದಿರಿಗೆ ಇದು ನೆರವಾಗಿದೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಆದರೆ ಇದು ಆಂಫೆಟಮಿನ್ ಎಂಬ ಉತ್ತೇಜಕ ಮದ್ದುಗಳ ಕುಲಕ್ಕೆ ಸೇರಿದ್ದು. ಆದ್ದರಿಂದಲೇ ಜಿಮ್, ಗರಡಿ, ಓಟದ ಮೈದಾನಗಳ ಸುತ್ತ ಇದರ ದುರುಪಯೋಗ ಬೆಳೆಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇದಿದೆ. ನಮ್ಮ ದೇಶದ ಕೆಲವು ಕ್ರೀಡಾಪಟುಗಳು ಇದೇ ಮದ್ದಿನಿಂದಾಗಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ನೆರೆಯ ಮಹಾರಾಷ್ಟ್ರದಲ್ಲಿ, ಸಾಂಗ್ಲಿಯಂಥ ಕಡೆಗಳಲ್ಲಿ, ಕಳ್ಳತನದಿಂದ ಮಾರುತ್ತಿದ್ದ ಇಂಥ ಬಾಟಲಿಗಳನ್ನು ಪೊಲೀಸರು ಹಿಡಿದ ಸುದ್ದಿಗಳು ಬಂದಿವೆ. ಸಾಂಗ್ಲಿ ನಮಗೆ ದೂರದ ಊರಲ್ಲ.

ಇದು ಕೆಲಸ ಮಾಡುವ ರೀತಿಯನ್ನು ಒಬ್ಬ ರೈತನಿಗೆ ಹೇಳುವುದು ಸುಲಭ. ನಮ್ಮ ನರಗಳ ತುದಿಯಲ್ಲಿ ಸರ್ವೇಶ್ವರನು ಒಂದು ಹಗೇವು ಇಟ್ಟಿದ್ದಾನೆ ಎಂದುಕೊಳ್ಳಿ. ಎದೆ ಬಡಿತಕ್ಕೆ, ಎಚ್ಚರಕ್ಕೆ, ಶಕ್ತಿಗೆ ಬೇಕಾದ ರಸ ಅದರಲ್ಲಿ ತುಂಬಿರುತ್ತದೆ. ಅಗತ್ಯಕ್ಕೆ ತಕ್ಕಷ್ಟು ಹೊರಬರುತ್ತದೆ. ಈ ಇಂಜೆಕ್ಷನ್ ಹೊಸ ಶಕ್ತಿಯನ್ನೇನೂ ತರುವುದಿಲ್ಲ. ಹಗೇವಿನ ಬಾಯಿ ತೆರೆದು ಕಾಳನ್ನೆಲ್ಲ ಒಮ್ಮೆಲೇ ಅಂಗಳಕ್ಕೆ ಸುರಿಯುತ್ತದೆ. ಆ ದಿನ ಸುಗ್ಗಿಯಂತೆ ಕಾಣುತ್ತದೆ. ಮರುದಿನ ಹಗೇವು ಬರಿದು. ಅಷ್ಟೇ ಮದ್ದು ತೆಗೆದುಕೊಂಡರೆ ಅಷ್ಟು ಕೆಲಸ ಆಗುವುದಿಲ್ಲ, ಇನ್ನೂ ಹೆಚ್ಚು ಬೇಕಾಗುತ್ತದೆ. ಚಟ ಹತ್ತುವುದು ಹೀಗೆ.

ಪರಿಣಾಮಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ರಕ್ತದೊತ್ತಡ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಹೃದಯದ ಸ್ನಾಯು ದುರ್ಬಲವಾಗಬಹುದು. ನಿದ್ರೆ ಕೆಡುತ್ತದೆ. ಯಾರೋ ಬೆನ್ನಟ್ಟಿದ್ದಾರೆ, ಮನೆಯವರೇ ವಿಷ ಹಾಕುತ್ತಾರೆ ಎಂಬ ಸಂಶಯ ಹುಟ್ಟುತ್ತದೆ. ಒಂದೇ ಸೂಜಿಯನ್ನು ಹಲವರು ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಅಂಟಬಹುದು. ಮದ್ದು ನಿಲ್ಲಿಸಿದ ದಿನಗಳಲ್ಲಿ ಹುಡುಗ ಹಗಲು ರಾತ್ರಿ ಮಲಗುತ್ತಾನೆ, ಮೈ ಸೋಲುತ್ತದೆ, ಮನಸ್ಸು ಕುಗ್ಗುತ್ತದೆ, ಬದುಕೇ ಬೇಡವೆನಿಸುತ್ತದೆ. ಆ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಮನೆಯಿಂದ ದೂರ ಇಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಏಕಾಗ್ರತೆ ಇಲ್ಲದೆ ಅತಿಯಾಗಿ ಚಡಪಡಿಸುವ ಕೆಲವು ಮಕ್ಕಳಿಗೆ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಮಾತ್ರೆ ಕೊಡುತ್ತಾರೆ. ಅದು ಸರಿಯಾದ ಚಿಕಿತ್ಸೆ. ಈ ಬರಹ ಓದಿ ಯಾರೂ ಹೆದರಿ ಅದನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರು ಹೇಳಿದವನಿಗೆ, ಹೇಳಿದಷ್ಟು, ಹೇಳಿದಷ್ಟು ಕಾಲ ಕೊಟ್ಟರೆ ಅದು ಔಷಧ. ಪರೀಕ್ಷೆಯ ಹಿಂದಿನ ರಾತ್ರಿ ಅದೇ ಮಾತ್ರೆಯನ್ನು ಗೆಳೆಯ ಗೆಳೆಯನಿಗೆ ಹಂಚಿದರೆ ಚಟದ ಬಾಗಿಲು ತೆರೆಯುತ್ತದೆ.

ಪಾಪವೋ, ರೋಗವೋ?

ನಮ್ಮ ಸಭೆಯ ಹಿರಿಯರು ಹಲವು ಬಾರಿ ಈ ಪ್ರಶ್ನೆ ಕೇಳುತ್ತಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2291ನೆಯ ಪರಿಚ್ಛೇದ ಸ್ಪಷ್ಟವಾಗಿದೆ. ಚಿಕಿತ್ಸೆಗಲ್ಲದೆ ಮಾದಕ ವಸ್ತುಗಳನ್ನು ಬಳಸುವುದು ಗಂಭೀರ ಅಪರಾಧ, ಅವುಗಳನ್ನು ಗುಟ್ಟಾಗಿ ತಯಾರಿಸಿ ಮಾರುವುದು ಇತರರನ್ನು ಕೆಡಿಸುವ ಕೆಲಸ ಎಂದು ಅದು ಬೋಧಿಸುತ್ತದೆ. ಆದರೆ ಅದೇ ಗ್ರಂಥದ 1735ನೆಯ ಪರಿಚ್ಛೇದವನ್ನೂ ಓದಬೇಕು. ಅಜ್ಞಾನ, ಭಯ, ಅಭ್ಯಾಸಬಲ, ಮನಸ್ಸಿನ ಹಿಡಿತ ತಪ್ಪಿದ ಅಂಟು, ಇವೆಲ್ಲ ಮನುಷ್ಯನ ಹೊಣೆಗಾರಿಕೆಯನ್ನು ಕಡಿಮೆ ಮಾಡಬಹುದು, ಇಲ್ಲವಾಗಿಸಲೂ ಬಹುದು ಎಂದು ಅದು ಹೇಳುತ್ತದೆ. ಮೊದಲ ಸೂಜಿಯನ್ನು ಹುಡುಗ ತಾನೇ ಆರಿಸಿಕೊಂಡ. ನೂರನೆಯ ಸೂಜಿಯ ಹೊತ್ತಿಗೆ ಆ ಆಯ್ಕೆ ಅವನ ಕೈಯಲ್ಲಿ ಅಷ್ಟಾಗಿ ಉಳಿದಿರಲಿಲ್ಲ.

ಧರ್ಮಸಭೆಯವರಾದ ನಾವೂ ಇದನ್ನು ಕಲಿಯಲು ಕಾಲ ಹಿಡಿಯಿತು. ಚೀನಾ ದೇಶದಲ್ಲಿ 1834ರಲ್ಲಿ ಹುಟ್ಟಿದ ಮಾರ್ಕ್ ಜಿ ತಿಯಾನ್‌ಷಿಯಾಂಗ್ ಎಂಬ ವೈದ್ಯರಿದ್ದರು. ಕಥೋಲಿಕ ಕುಟುಂಬದವರು, ಬಡವರಿಗೆ ಹಣ ಕೇಳದೆ ಚಿಕಿತ್ಸೆ ಮಾಡುತ್ತಿದ್ದವರು. ತಮ್ಮ ಹೊಟ್ಟೆಯ ಬಾಧೆಗೆ ಔಷಧವೆಂದು ಅಫೀಮು ತೆಗೆದುಕೊಂಡರು, ಅದು ಚಟವಾಯಿತು. ಪಾಪನಿವೇದನೆಗೆ ಹೋಗುವರು, ಮತ್ತೆ ಬೀಳುವರು. ಚಟವೂ ಒಂದು ರೋಗವೆಂದು ಆ ಕಾಲದಲ್ಲಿ ತಿಳಿದಿರಲಿಲ್ಲ. ನಿನಗೆ ನಿಜವಾದ ಪಶ್ಚಾತ್ತಾಪವಿಲ್ಲ ಎಂದು ಗುರುಗಳು ಅವರಿಗೆ ಸಂಸ್ಕಾರಗಳನ್ನು ಕೊಡದೆ ಕಳಿಸಿದರು. ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ ಇದ್ದರೂ ಅವರು ದೇವಾಲಯಕ್ಕೆ ಬರುವುದನ್ನು ಬಿಡಲಿಲ್ಲ. 1900ರಲ್ಲಿ ಬಾಕ್ಸರ್ ದಂಗೆಯಾದಾಗ ಅವರನ್ನೂ ಅವರ ಕುಟುಂಬದವರನ್ನೂ ಹಿಡಿದರು. ನನ್ನವರು ಯಾರೂ ಒಂಟಿಯಾಗಿ ಸಾಯಬಾರದು, ನನ್ನನ್ನು ಕೊನೆಗೆ ಕೊಲ್ಲಿ ಎಂದು ಅವರು ಬೇಡಿಕೊಂಡರಂತೆ. ಚಟ ಬಿಡಲು ಅವರಿಂದ ಆಗಿರಲಿಲ್ಲ, ಕ್ರಿಸ್ತರನ್ನು ಬಿಡಲೂ ಆಗಲಿಲ್ಲ. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಚೀನಾದ ರಕ್ತಸಾಕ್ಷಿಗಳ ಜೊತೆ ಅವರನ್ನು ಸಂತರೆಂದು ಘೋಷಿಸಿದರು.

ಆ ಮೂವತ್ತು ವರ್ಷಗಳಲ್ಲಿ ಅವರ ಹಾಸಿಗೆಗೆ ಹೆಗಲು ಕೊಡುವ ನಾಲ್ವರು ಸಿಕ್ಕಿದ್ದರೆ? ಇವತ್ತು ನಮ್ಮ ಧರ್ಮಕೇಂದ್ರದ ಹಿಂಬದಿಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನಿಗೆ ಸಿಗುತ್ತಾರೆಯೇ?

ಮೊದಲನೆಯ ಹೆಗಲು: ಮನೆಯವರು

ಮೊದಲು ಮನೆಯವರು ಸುಮ್ಮನಿರುವುದನ್ನು ಬಿಡಬೇಕು. ಹುಡುಗ ಅಮಲಿನಲ್ಲಿದ್ದಾಗ ಜಗಳ ಬೇಡ. ಮೈಮೇಲೆ ಎಚ್ಚರವಿದ್ದಾಗ ಕೂರಿಸಿಕೊಂಡು, "ನಿನ್ನ ಮ್ಯಾಲೆ ಸಿಟ್ಟಿಲ್ಲಪ್ಪಾ, ನಿನ್ನ ಜೀವದ ಅಂಜಿಕಿ ಐತಿ. ನಾಳೆ ಆಸ್ಪತ್ರಿಗೆ ಹೋಗೂಣು, ನಾನೂ ಬರತೀನಿ" ಎನ್ನಿ. ಕೈಗೆ ನಗದು ಕೊಡಬೇಡಿ, ಊಟವನ್ನೂ ಮಾತನ್ನೂ ನಿಲ್ಲಿಸಬೇಡಿ. ಅವನ ಸಾಲವನ್ನು ಗುಟ್ಟಾಗಿ ತೀರಿಸುತ್ತ ಹೋದರೆ ಚಟಕ್ಕೆ ನೀರೆರೆದಂತೆ. ಬೀದಿಯಲ್ಲಿ ನಿಲ್ಲಿಸಿ ಬೈದರೆ ಅವನನ್ನು ಆ ಗೆಳೆಯರ ಬಳಿಗೇ ತಳ್ಳಿದಂತೆ.

ಕಟ್ಟಿಹಾಕುವುದು, ಹೊಡೆಯುವುದು, ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017 ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮನೋರೋಗವೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಊಟದಲ್ಲಿ ಗೊತ್ತಿಲ್ಲದೆ ಬೆರೆಸಿ ಹತ್ತು ದಿನದಲ್ಲಿ ಚಟ ಬಿಡಿಸುತ್ತೇವೆ ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿ. ಮನೆಯವರಿಗೆ ಭೇಟಿ ಕೊಡದ, ವೈದ್ಯರೇ ಇಲ್ಲದ ಕೇಂದ್ರಕ್ಕೆ ಮಗನನ್ನು ಒಪ್ಪಿಸಬೇಡಿ.

ಎರಡನೆಯ ಹೆಗಲು: ವೈದ್ಯರು

ಸಿರಾಕನ ಗ್ರಂಥದ ಮೂವತ್ತೆಂಟನೆಯ ಅಧ್ಯಾಯ ನೋಡಿ. ಕಾಯಿಲೆ ಬಂದಾಗ ದೇವರಿಗೆ ಪ್ರಾರ್ಥಿಸು ಎಂದು ಹೇಳುವ ಆ ಜ್ಞಾನಿ ಅಲ್ಲಿಗೇ ನಿಲ್ಲುವುದಿಲ್ಲ. ವೈದ್ಯನಿಗೂ ಸ್ಥಾನ ಕೊಡು, ಅವನನ್ನು ಸೃಷ್ಟಿಸಿದವನೂ ದೇವರೇ ಎನ್ನುತ್ತಾನೆ. ಗುರುಮನೆಗೆ ಬಂದ ಆ ತಾಯಿಗೆ ಪ್ರಾರ್ಥನೆಯೂ ಬೇಕು, ಆಸ್ಪತ್ರೆಯ ದಾರಿಯೂ ಬೇಕು.

ಆ ದಾರಿ ಬಹಳ ದೂರವಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಹಳಬರು ಮಾನಸಿಕ ಆಸ್ಪತ್ರೆ ಎಂದು ಕರೆಯುವ ಸರಕಾರಿ ಸಂಸ್ಥೆ ಅದೇ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲಿಯೇ ವಿಚಾರಿಸಬಹುದು. ಹೋಗಲು ನಾಚಿಕೆಯಾದರೆ ಮೊದಲು ಫೋನಿನಲ್ಲಿ ಮಾತಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎದೆನೋವು, ತಡೆಯಲಾಗದ ತಲೆನೋವು, ಫಿಟ್ಸ್, ಕೈಕಾಲು ಬಲವಿಲ್ಲದಿರುವುದು ಕಂಡರೆ ಕಾಯಬೇಡಿ, 108 ಆಂಬುಲೆನ್ಸ್ ಕರೆಯಿರಿ.

ವೈದ್ಯರ ಮುಂದೆ ನಿಜ ಹೇಳಬೇಕು. ಯಾವ ಮದ್ದು ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಟ್ರಾಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಚಟವಾಗಿದ್ದರೆ ಅದು ಅಫೀಮಿನ ಕುಲದ್ದು, ಅದಕ್ಕೆ ಬೂಪ್ರೆನಾರ್ಫಿನ್ ಎಂಬ ಔಷಧವಿದೆ. ಸಾರಾಯಿ ಅಥವಾ ನಿದ್ರೆ ಮಾತ್ರೆಯ ಚಟವಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೆ ಅಪಾಯ, ಆದ್ದರಿಂದ ವೈದ್ಯರ ನಿಗಾ ಬೇಕು. ಉತ್ತೇಜಕ ಮದ್ದಿನ ವಿಷಯ ಬೇರೆ. ಇದರ ಚಟವನ್ನು ಬಿಡಿಸಲೆಂದೇ ಅಧಿಕೃತವಾಗಿ ಒಪ್ಪಿದ ಮಾತ್ರೆ ಇನ್ನೂ ಇಲ್ಲ. ಇದೇ ಕುಲದ ಮೆಥಾಂಫೆಟಮಿನ್ ಚಟದವರಿಗೆ ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಮತ್ತು ಬ್ಯುಪ್ರೋಪಿಯಾನ್ ಮಾತ್ರೆ ಜೊತೆಯಾಗಿ ಕೊಟ್ಟು ನೋಡಿದ ಅಮೆರಿಕದ ಒಂದು ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮದ್ದು ಪಡೆದವರಲ್ಲಿ ಶೇಕಡಾ 13.6ರಷ್ಟು ಜನರಿಗೆ ಗುಣ ಕಂಡಿತು, ಮದ್ದಿಲ್ಲದ ಬರಿ ಗುಳಿಗೆ, ಸೂಜಿ ಪಡೆದವರಲ್ಲಿ 2.5. ಪ್ರಯೋಜನವಿದೆ, ಆದರೆ ಅದು ದೊಡ್ಡದಲ್ಲ.

ಹಾಗಾದರೆ ವೈದ್ಯರು ಮಾಡುವುದೇನು? ಸಂಶಯ, ಭ್ರಮೆಗಳಿದ್ದರೆ ಅದಕ್ಕೆ ಮದ್ದು ಕೊಡುತ್ತಾರೆ. ಮಾಳಿಗೆಯ ಮೇಲಿನ ಹೆಜ್ಜೆ ಸಪ್ಪಳ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ನಿದ್ರೆಗೆ, ಮನಸ್ಸಿನ ಕುಗ್ಗುವಿಕೆಗೆ ಚಿಕಿತ್ಸೆ ಮಾಡುತ್ತಾರೆ. ಇಸಿಜಿ ತೆಗೆದು ಹೃದಯ ಪರೀಕ್ಷಿಸುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹೆಪಟೈಟಿಸ್ ಸಿ ಬಂದಿದೆ ಎಂದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದಕ್ಕೆ ಉಚಿತ ಮಾತ್ರೆಗಳಿವೆ, ಬಹುತೇಕರಿಗೆ ಕೆಲವು ತಿಂಗಳಲ್ಲಿ ಪೂರ್ಣ ಗುಣವಾಗುತ್ತದೆ. ಎಚ್‌ಐವಿಗೂ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆಯಿದೆ.

ಮೂರನೆಯ ಹೆಗಲು: ಆಪ್ತ ಸಮಾಲೋಚಕರು ಮತ್ತು ಚಟ ಬಿಟ್ಟವರು

ಉತ್ತೇಜಕ ಮದ್ದಿನ ಚಟಕ್ಕೆ ಮುಖ್ಯ ಚಿಕಿತ್ಸೆ ಮಾತಿನ ಮತ್ತು ನಡತೆಯ ಚಿಕಿತ್ಸೆ. ಯಾವ ಹೊತ್ತಿನಲ್ಲಿ, ಯಾವ ಗೆಳೆಯನನ್ನು ಕಂಡಾಗ, ಯಾವ ಮಾತು ಕೇಳಿದಾಗ ಸೂಜಿಯ ನೆನಪಾಗುತ್ತದೆ ಎಂದು ಹುಡುಗ ತಾನೇ ಗುರುತಿಸಲು ಕಲಿಯುತ್ತಾನೆ. ಆ ಹೊತ್ತನ್ನು ದಾಟಲು ಏನು ಮಾಡಬೇಕೆಂದು ಸಮಾಲೋಚಕರ ಜೊತೆ ಮೊದಲೇ ಅಭ್ಯಾಸ ಮಾಡುತ್ತಾನೆ. ಮನೆಯವರನ್ನೂ ಕೂರಿಸಿ ಮಾತಾಡುತ್ತಾರೆ.

ಇನ್ನೊಂದು ವಿಧಾನಕ್ಕೆ ಅಮೆರಿಕದ ವ್ಯಸನ ತಜ್ಞರು 2023ರಲ್ಲಿ ಹೊರತಂದ ಮಾರ್ಗಸೂಚಿ ಎಲ್ಲಕ್ಕಿಂತ ಹೆಚ್ಚಿನ ಸ್ಥಾನ ಕೊಟ್ಟಿದೆ. ಅದು ಬಹುಮಾನದ ಪದ್ಧತಿ. ವಾರಕ್ಕೆ ಒಂದೆರಡು ಸಲ ಮೂತ್ರ ಪರೀಕ್ಷೆ. ಮದ್ದು ಇಲ್ಲವೆಂದು ಕಂಡ ಪ್ರತಿ ಸಲ ಒಂದು ಸಣ್ಣ ಬಹುಮಾನ. ದಿನ ಕಳೆದಂತೆ ಬಹುಮಾನ ದೊಡ್ಡದಾಗುತ್ತದೆ. ಮದ್ದು ಕಂಡರೆ ಬೈಗುಳವಿಲ್ಲ, ಆ ಸಲದ ಬಹುಮಾನವಿಲ್ಲ ಅಷ್ಟೇ, ಮತ್ತೆ ಮೊದಲಿನಿಂದ ಶುರು. ತಪ್ಪು ಮಾಡಿದವನಿಗೆ ಬಹುಮಾನವೇ ಎಂದು ಕೆಲವರು ಮುಖ ಸಿಂಡರಿಸಬಹುದು. ದೂರದಿಂದ ಮಗನನ್ನು ಕಂಡು ಓಡಿಹೋಗಿ ಅಪ್ಪಿಕೊಂಡ ತಂದೆಯನ್ನು ನೋಡಿ ಹಿರಿಯ ಮಗನೂ ಹೀಗೆಯೇ ಮುಖ ಸಿಂಡರಿಸಿದ್ದ. ಆ ಕಥೆಯಲ್ಲಿ ಉಂಗುರವೂ ಉಡುಪೂ ಸಿಕ್ಕಿದ್ದು ಯಾರಿಗೆಂದು ನೆನಪಿರಲಿ.

ಚಟ ಬಿಟ್ಟವನ ಮಾತಿಗೆ ಚಟದಲ್ಲಿರುವವನು ಬೇಗ ಕಿವಿಗೊಡುತ್ತಾನೆ. ಮದ್ಯವ್ಯಸನಿಗಳ ಪರಸ್ಪರ ಸಹಾಯ ಗುಂಪಾದ ಎಎ 1935ರಲ್ಲಿ ಹುಟ್ಟಿತು, ಇತರ ಮದ್ದುಗಳ ಚಟದವರಿಗೆ ಎನ್‌ಎ 1953ರಲ್ಲಿ. ನಮ್ಮ ಗುರುಗಳಲ್ಲಿ ಒಬ್ಬರಾದ ಫಾದರ್ ಜೋ ಪಿರೇರರು 1981ರಲ್ಲಿ ಮುಂಬಯಿಯಲ್ಲಿ ಕೃಪಾ ಫೌಂಡೇಶನ್ ಸ್ಥಾಪಿಸಿ, ಚಟದವರನ್ನು ಧರ್ಮಸಭೆಯ ಅಂಗಳದಲ್ಲಿಯೇ ಕರೆದು ಕೂರಿಸಿದರು.

ನಾಲ್ಕನೆಯ ಹೆಗಲು: ಧರ್ಮಕೇಂದ್ರ

ಮೂರು ಮೂಲೆ ಹಿಡಿದು ಹೊರಸನ್ನು ಎತ್ತಿದರೆ ರೋಗಿ ಕೆಳಗುರುಳುತ್ತಾನೆ. ನಾಲ್ಕನೆಯ ಮೂಲೆ ನಮ್ಮದು. ಹುಡುಗ ಆಸ್ಪತ್ರೆಯಿಂದ ಬಂದ ಮೇಲೆ ಅವನ ಎದುರಿಗಿರುವುದು ಖಾಲಿ ಸಂಜೆಗಳು. ಆ ಸಂಜೆಗಳನ್ನು ಯಾರು ತುಂಬುತ್ತಾರೆ? ಯುವಜನ ಸಂಘದವರು ಮನೆಗೆ ಹೋಗಿ ಕರೆಯಬಹುದು. ಆಸ್ಪತ್ರೆಯ ತಪಾಸಣೆಯ ದಿನ ಬೈಕ್ ಇದ್ದವರು ಕರೆದೊಯ್ಯಬಹುದು. ಕೆಲಸ ಕೊಡಬಲ್ಲವರು ಕೆಲಸ ಕೊಡಬಹುದು. ಆ ಮನೆಯ ಮಗಳ ಮದುವೆಯ ಮಾತು ಬಂದಾಗ, ಅಣ್ಣನ ರೋಗವನ್ನು ತಂಗಿಯ ತಲೆಗೆ ಕಟ್ಟಬೇಡಿ ಎಂದು ನಾಲ್ಕು ಜನರ ನಡುವೆ ಹೇಳಬಲ್ಲ ಹಿರಿಯರು ಬೇಕು. ಅಪ್ಪ ಬಾಯಿ ಬಿಡದಿರುವುದು ನಮ್ಮ ಬಾಯಿಗೆ ಅಂಜಿ. ದೇಶದಲ್ಲಿ 2018ರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮಾದಕ ಮದ್ದುಗಳ ಚಟವಿದ್ದ 20 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದವರಲ್ಲಿ ಎಷ್ಟು ಮಂದಿಯನ್ನು ಜನರ ಬಾಯಿಯ ಅಂಜಿಕೆ ತಡೆದಿತ್ತೋ ದೇವರೇ ಬಲ್ಲ.

ಔಷಧ ಅಂಗಡಿ ಇಟ್ಟವರೂ ಜಿಮ್ ನಡೆಸುವವರೂ ನಮ್ಮ ನಡುವೆ ಇರಬಹುದು. ಚೀಟಿಯಿಲ್ಲದೆ ಕೊಟ್ಟ ಒಂದು ಬಾಟಲಿಯ ಲಾಭ ಯಾರ ಮನೆಯ ಬೋರಮಾಳದಿಂದ ಬಂತು ಎಂದು ಲೆಕ್ಕ ಹಾಕಿ. ತಂದೆತಾಯಿಗಳಿಗೂ ಒಂದು ಮಾತು. ನೌಕರಿ ಸಿಗದಿದ್ದರೆ ಮುಖ ತೋರಿಸಬೇಡ ಎಂದು ಸಿಟ್ಟಿನಲ್ಲಿ ಅನ್ನುವ ನಾವೂ ಆ ಸೂಜಿಯನ್ನು ಸ್ವಲ್ಪ ತಳ್ಳಿದ್ದೇವೆ. ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಮಲಗಿಸಿ ತೂಗುವಾಗ ಆ ಮಗು ನಮಗೆ ಏನನ್ನೂ ಗೆದ್ದು ತಂದಿರಲಿಲ್ಲ. ಆದರೂ ತೂಗಿದೆವು.

ಮತ್ತೆ ಬಿದ್ದರೆ?

ಬೀಳಬಹುದು. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಜನ ಮತ್ತೊಮ್ಮೆ ಬೀಳುತ್ತಾರೆ ಎಂದು ತಜ್ಞರು ಅಂದಾಜಿಸುತ್ತಾರೆ. ರಕ್ತದೊತ್ತಡ, ಅಸ್ತಮಾ ರೋಗಗಳು ಮರುಕಳಿಸುವುದೂ ಹೆಚ್ಚು ಕಡಿಮೆ ಹೀಗೆಯೇ. ಅಸ್ತಮಾ ಮರುಕಳಿಸಿದ ಅಜ್ಜನನ್ನು ನಾವು ಮನೆಯಿಂದ ಹೊರಗೆ ಹಾಕುವುದಿಲ್ಲ, ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಮೆಥಾಂಫೆಟಮಿನ್ ಬಿಟ್ಟವರ ಮೆದುಳಿನ ಚಿತ್ರ ತೆಗೆದ 2001ರ ಅಮೆರಿಕದ ಅಧ್ಯಯನದಲ್ಲಿ, ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರಲ್ಲಿ ಹಾನಿಯಾದ ಭಾಗ ಸುಧಾರಿಸುತ್ತಿದ್ದುದು ಕಂಡಿತು. ಹಗೇವು ಮತ್ತೆ ತುಂಬುತ್ತದೆ. ಆದರೆ ಒಂದು ಸುಗ್ಗಿಗೆ ಅಲ್ಲ, ತಾಳ್ಮೆ ಬೇಕು. ಏಳೆಪ್ಪತ್ತು ಸಲ ಕ್ಷಮಿಸಬೇಕೆಂದು ಸ್ವಾಮಿ ಪೇತ್ರನಿಗೆ ಹೇಳಿದ್ದು ಇಂಥ ಮನೆಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮತ್ತೆ ಕಫೆರ್ನವುಮಿಗೆ ಬರೋಣ. ಸ್ವಾಮಿ ರೋಗಿಯ ವಿಶ್ವಾಸವನ್ನು ನೋಡಿದರೆಂದು ಮಾರ್ಕನು ಬರೆಯುವುದಿಲ್ಲ. ಅವರ ವಿಶ್ವಾಸವನ್ನು ನೋಡಿದರು ಎನ್ನುತ್ತಾನೆ, ಅಂದರೆ ಹೊತ್ತು ತಂದವರದನ್ನೂ ಸೇರಿಸಿ. ಆ ರೋಗಿ ಒಂದು ಮಾತನ್ನೂ ಆಡಿದ ದಾಖಲೆಯಿಲ್ಲ. ತಾನಾಗಿ ಪ್ರಾರ್ಥಿಸುವ ತ್ರಾಣವೂ ಅವನಲ್ಲಿತ್ತೋ ಇಲ್ಲವೋ. ಉಳಿದವರ ನಂಬಿಕೆಯ ಮೇಲೆ ಅವನು ಒಳಗೆ ಇಳಿದ. ಸ್ವಾಮಿ ಮೊದಲು ಅವನನ್ನು ಮಗನೇ ಎಂದು ಕರೆದರು, ಕ್ಷಮಿಸಿದರು, ಆಮೇಲೆ ಎಬ್ಬಿಸಿದರು. ಹಾಸಿಗೆಯನ್ನು ಎತ್ತಿಕೊಂಡು ಮನೆಗೆ ಹೋಗು ಎಂದರು. ಹಾಸಿಗೆಯನ್ನು ಅಲ್ಲೇ ಎಸೆದು ಹೋಗು ಎನ್ನಲಿಲ್ಲ. ಗುಣವಾದವನು ತನ್ನ ಹಳೆಯ ಹೊರೆಯನ್ನು ತಾನೇ ಹೊತ್ತು, ಎಚ್ಚರದಿಂದ, ನಡೆದುಕೊಂಡು ಹೋಗಬೇಕಾಗುತ್ತದೆ. ಅವನು ಹೋಗಬೇಕಾದದ್ದು ಮನೆಗೆ. ಆ ಮನೆಯ ಬಾಗಿಲು ತೆರೆದಿರಬೇಕು.

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂತು ಕೇಳಿಕೊಳ್ಳಿ. ನಮ್ಮ ಓಣಿಯಲ್ಲಿ ಯಾವ ಮನೆಯ ದೀಪ ರಾತ್ರಿಯಿಡೀ ಉರಿಯುತ್ತಿದೆ? ಯಾವ ತಾಯಿ ಬಲಿಪೂಜೆಗೆ ಬರುವುದನ್ನು ಬಿಟ್ಟಿದ್ದಾಳೆ? ಉತ್ತರ ಹೊಳೆದರೆ ಮರುದಿನ ಆ ಮನೆಗೆ ಹೋಗಿ. ಉಪದೇಶ ಬೇಡ. "ಆಸ್ಪತ್ರಿಗೆ ಹೋಗೂದಿದ್ರ ಜೋಡೀಲೆ ನಾನೂ ಬರತೀನ್ರಿ" ಎನ್ನಿ, ಸಾಕು.

ಪ್ರಾರ್ಥಿಸೋಣ: ಪ್ರಭು ಯೇಸುವೇ, ಮದ್ದಿನ ಸೆರೆಯಲ್ಲಿ ಸಿಕ್ಕ ನಮ್ಮ ಮಕ್ಕಳನ್ನು ನಿಮ್ಮ ಮುಂದೆ ಇಳಿಸುತ್ತೇವೆ. ಅವರಿಗೆ ಮಾತು ಬರದಿದ್ದರೆ ನಮ್ಮ ಮಾತನ್ನು ಕೇಳಿರಿ. ಅವರ ತಾಯಂದಿರಿಗೆ ಧೈರ್ಯವನ್ನೂ ವೈದ್ಯರಿಗೆ ವಿವೇಕವನ್ನೂ ನಮ್ಮ ನಾಲಿಗೆಗೆ ಹಿಡಿತವನ್ನೂ ಕೊಡಿರಿ. ಹೊರಸಿನ ನಾಲ್ಕನೆಯ ಮೂಲೆಯನ್ನು ಹಿಡಿಯಲು ನಮ್ಮ ಹೆಗಲಿಗೆ ಬಲವನ್ನು ದಯಪಾಲಿಸಿರಿ. ಆಮೆನ್.